ಹತ್ತು ಗೆಲುವು, ಮೂರು ಸೊನ್ನೆ: ಕರ್ಕ್ ಫೆರೆಂಟ್ಜ್ ಅವರ ಅಯೋವಾ ತಂಡದ 2023ರ ಋತು

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡ ಹಾಕೈಸ್ 2023ರ ಋತುವಿನಲ್ಲಿ 14 ಪಂದ್ಯಗಳನ್ನಾಡಿ ಹತ್ತನ್ನು ಗೆದ್ದಿತು, ನಾಲ್ಕನ್ನು ಸೋತಿತು. ಈ ಪಂದ್ಯಗಳಲ್ಲಿ ತಂಡ ಗಳಿಸಿದ್ದು ಒಟ್ಟು 216 ಅಂಕ, ಎದುರಾಳಿಗಳಿಗೆ ಬಿಟ್ಟುಕೊಟ್ಟದ್ದು 207. ಇಡೀ ಋತುವಿನಲ್ಲಿ ಒಂಬತ್ತೇ ಅಂಕಗಳ ಮಿಗುತಾಯ ಉಳಿಸಿಕೊಂಡ ತಂಡವೊಂದು ಹತ್ತು ಗೆಲುವುಗಳನ್ನು ಪಡೆದದ್ದು ಹೇಗೆ, ಮತ್ತು ಹಣ ತೆತ್ತು ಟಿಕೆಟ್ ಕೊಂಡ ಪ್ರೇಕ್ಷಕನಿಗೆ ಅದರಿಂದ ದಕ್ಕಿದ್ದೇನು ಎಂಬ ಎರಡು ಪ್ರಶ್ನೆಗಳೇ ಈ ವಿಮರ್ಶೆಯ ವಸ್ತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ರಕ್ಷಣೆಯಲ್ಲೂ ಒದೆತದಲ್ಲೂ ಈ ತಂಡ ಕೊಟ್ಟ ಆಟ ಆ ವರ್ಷ ದೇಶದಲ್ಲಿ ನೋಡಸಿಗುತ್ತಿದ್ದ ಅತ್ಯುತ್ತಮ ಆಟಗಳಲ್ಲಿ ಒಂದಾಗಿತ್ತು, ಆದರೆ ಆಕ್ರಮಣದ ಪಾಲು ಪ್ರೇಕ್ಷಕನಿಗೆ ಸಲ್ಲಲೇ ಇಲ್ಲ, ಮತ್ತು ಆ ಬಾಕಿಯ ಹೊಣೆ ಮುಖ್ಯ ಕೋಚ್ ಅವರದೇ.

ಕರ್ಕ್ ಫೆರೆಂಟ್ಜ್ ಅವರು ಅಯೋವಾದ ಮುಖ್ಯ ಕೋಚ್ ಆಗಿ ಮೊದಲ ಪಂದ್ಯ ನಡೆಸಿದ್ದು 1999ರಲ್ಲಿ. ಅದಕ್ಕೂ ಮೊದಲು 1981ರಿಂದ 1989ರವರೆಗೆ ಅದೇ ತಂಡದಲ್ಲಿ ಹೇಡನ್ ಫ್ರೈ ಅವರ ಕೈಕೆಳಗೆ ಆಕ್ರಮಣ ಸಾಲಿನ ಆಟಗಾರರಿಗೆ ತರಬೇತಿ ಕೊಟ್ಟಿದ್ದರು. ನಡುವೆ ಮೇನ್ ವಿಶ್ವವಿದ್ಯಾಲಯ ಹಾಗೂ ವೃತ್ತಿಪರ ತಂಡಗಳಾದ ಕ್ಲೀವ್‌ಲೆಂಡ್ ಬ್ರೌನ್ಸ್, ಬಾಲ್ಟಿಮೋರ್ ರೇವನ್ಸ್ ತಂಡಗಳಲ್ಲಿ ದುಡಿದು ಫ್ರೈ ಅವರ ಉತ್ತರಾಧಿಕಾರಿಯಾಗಿ ಮರಳಿದರು. ಮೊದಲ ವರ್ಷ ಅವರ ತಂಡ ಗೆದ್ದದ್ದು ಒಂದೇ ಪಂದ್ಯ, ಸೋತದ್ದು ಹತ್ತು. ಎರಡನೆಯ ವರ್ಷ ಮೂರು ಗೆಲುವು. ಇಂದಿನ ಆಡಳಿತಗಾರರಾಗಿದ್ದರೆ ಅಷ್ಟರಲ್ಲಿ ಬೇರೊಬ್ಬರನ್ನು ಹುಡುಕುತ್ತಿದ್ದರೋ ಏನೋ, ಅಯೋವಾ ಕಾಯಿತು. 2002ರಲ್ಲಿ ತಂಡ ತಾನು ಸೇರಿರುವ ಬಿಗ್ ಟೆನ್ ಒಕ್ಕೂಟದ ಎಂಟೂ ಪಂದ್ಯಗಳನ್ನು ಗೆದ್ದಿತು, 2009ರ ಋತುವಿನ ಕೊನೆಗೆ ಆರೆಂಜ್ ಬೌಲ್ ಎಂಬ ಆಹ್ವಾನ ಪಂದ್ಯ ಗೆದ್ದಿತು, 2015ರಲ್ಲಿ ನಿಗದಿತ ಹನ್ನೆರಡೂ ಪಂದ್ಯಗಳಲ್ಲಿ ಸೋಲನ್ನೇ ಕಾಣಲಿಲ್ಲ. 2017ರಲ್ಲಿ ಒಕ್ಲಹೋಮದ ಬಾಬ್ ಸ್ಟೂಪ್ಸ್ ನಿವೃತ್ತರಾದ ಮೇಲೆ, ಕಾಲೇಜು ಫುಟ್‌ಬಾಲಿನ ಉನ್ನತ ಶ್ರೇಣಿಯಲ್ಲಿ ಒಂದೇ ತಂಡದೊಂದಿಗೆ ಅತಿ ಹೆಚ್ಚು ಕಾಲ ಉಳಿದಿರುವ ಮುಖ್ಯ ಕೋಚ್ ಅವರೇ ಆದರು. ಇಷ್ಟು ದೀರ್ಘ ಕಾಲ ಒಬ್ಬರ ಕೈಯಲ್ಲೇ ಇರುವ ತಂಡಕ್ಕೆ ಅವರ ಸ್ವಭಾವವೇ ಅಂಟಿಕೊಳ್ಳುತ್ತದೆ. 2023ರ ಋತುವಿನ ಗುಣವೂ ದೋಷವೂ ಹುಟ್ಟಿದ್ದು ಅಲ್ಲಿಂದಲೇ.

ಈ ಆಟದ ಪರಿಚಯ ಇಲ್ಲದವರಿಗೆ ಒಂದೆರಡು ಮಾತು ಅಗತ್ಯ. ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೊತ್ತಲು ನಾಲ್ಕು ಅವಕಾಶಗಳಿರುತ್ತವೆ. ಮೂರರಲ್ಲಿ ಸಾಧ್ಯವಾಗದಿದ್ದರೆ ನಾಲ್ಕನೆಯದರಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಒಪ್ಪಿಸುತ್ತಾರೆ, ಅದೇ ಪಂಟ್. ಹೆಚ್ಚಿನ ಕೋಚ್‌ಗಳಿಗೆ ಪಂಟ್ ಎಂದರೆ ವಿಫಲವಾದ ಯತ್ನದ ಕೊನೆ. ಫೆರೆಂಟ್ಜ್ ಅವರಿಗೆ ಅದು ಆಟದ ಮುಂದಿನ ನಡೆ. ಎದುರಾಳಿಯನ್ನು ಅವರದೇ ಗೆರೆಯ ಹತ್ತಿರಕ್ಕೆ ತಳ್ಳಿ, ನೂರು ಗಜದ ಮೈದಾನದಲ್ಲಿ ತೊಂಬತ್ತು ಗಜ ಕ್ರಮಿಸುವ ಸಂಕಷ್ಟಕ್ಕೆ ದೂಡಿ, ಅವರು ತಪ್ಪು ಮಾಡುವವರೆಗೆ ತಾಳ್ಮೆಯಿಂದ ಕಾದು, ಆ ತಪ್ಪಿನಿಂದ ಮೂರೋ ಏಳೋ ಅಂಕ ಪಡೆದು ಪಂದ್ಯ ಮುಗಿಸುವುದು ಅವರ ವಿಧಾನ. 2022ರ ಮೊದಲ ಪಂದ್ಯದಲ್ಲಿ ಅಯೋವಾ ಸೌತ್ ಡಕೋಟ ಸ್ಟೇಟ್ ತಂಡವನ್ನು 7-3ರಿಂದ ಸೋಲಿಸಿತಷ್ಟೆ. ಆ ಏಳು ಅಂಕಗಳಲ್ಲಿ ಒಂದೂ ಚೆಂಡನ್ನು ಎದುರಾಳಿಯ ಅಂತಿಮ ವಲಯಕ್ಕೆ ಒಯ್ಯುವ ಟಚ್‌ಡೌನ್‌ನಿಂದ ಬಂದದ್ದಲ್ಲ. ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದು ಪಡೆಯುವ ಒಂದು ಫೀಲ್ಡ್ ಗೋಲ್‌ನಿಂದ ಮೂರು, ಎದುರಾಳಿಯನ್ನು ಅವರದೇ ಅಂತಿಮ ವಲಯದಲ್ಲಿ ಕೆಡವಿ ಪಡೆಯುವ ಎರಡು ಸೇಫ್ಟಿಗಳಿಂದ ನಾಲ್ಕು. ಈ ವಿಧಾನವನ್ನು ಅದಕ್ಕಿಂತ ಶುದ್ಧ ರೂಪದಲ್ಲಿ ನೋಡುವುದು ಕಷ್ಟ.

ಆ 2022ರ ಋತುವಿನಲ್ಲಿ ಆಕ್ರಮಣ ವಿಭಾಗ ಎಷ್ಟು ಕುಸಿದಿತ್ತೆಂದರೆ, ಅದರ ಸಂಯೋಜಕರೂ ಮುಖ್ಯ ಕೋಚ್ ಅವರ ಮಗನೂ ಆದ ಬ್ರಯಾನ್ ಫೆರೆಂಟ್ಜ್ ಅವರ ಒಪ್ಪಂದವನ್ನು 2023ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯ ತಿದ್ದಿತು. ಸಂಬಳ 9 ಲಕ್ಷ ಡಾಲರ್‌ನಿಂದ 8.5 ಲಕ್ಷಕ್ಕೆ ಇಳಿಯಿತು. ತಂಡ ಕನಿಷ್ಠ ಏಳು ಪಂದ್ಯ ಗೆಲ್ಲಬೇಕು, ಪಂದ್ಯವೊಂದಕ್ಕೆ ಸರಾಸರಿ 25 ಅಂಕ ಗಳಿಸಬೇಕು ಎಂಬ ಷರತ್ತು ಸೇರಿತು. ರಕ್ಷಣಾ ವಿಭಾಗ ಗಳಿಸಿದ ಅಂಕಗಳೂ ಈ ಸರಾಸರಿಗೆ ಸೇರುತ್ತಿದ್ದವು. ಹತ್ತಿರದ ಸಂಬಂಧಿಯ ಕೆಲಸವನ್ನು ತಂದೆ ಮೇಲ್ವಿಚಾರಣೆ ಮಾಡುವಂತಿಲ್ಲವೆಂಬ ನಿಯಮವಿದ್ದುದರಿಂದ ಕಾಗದದ ಮೇಲೆ ಬ್ರಯಾನ್ ವರದಿ ಮಾಡಿಕೊಳ್ಳುತ್ತಿದ್ದುದು ಕ್ರೀಡಾ ನಿರ್ದೇಶಕರಿಗೆ. ಮೈದಾನದ ಅಂಚಿನಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಎಲ್ಲರಿಗೂ ತಿಳಿದಿತ್ತು. ಹೀಗೆ, ಋತು ಶುರುವಾಗುವ ಮೊದಲೇ ಪ್ರೇಕ್ಷಕನ ಕೈಗೆ ಒಂದು ಅಳತೆಗೋಲು ಬಂದುಬಿಟ್ಟಿತು. ಪ್ರತಿ ಶನಿವಾರವೂ ಗೆಲುವಿನ ಜೊತೆಗೆ 25ಕ್ಕೆ ಎಷ್ಟು ಕಡಿಮೆಯಾಯಿತು ಎಂಬ ಲೆಕ್ಕ ನಡೆಯತೊಡಗಿತು. ಇಂಥ ಷರತ್ತನ್ನು ಬಹಿರಂಗವಾಗಿ ಹಾಕಿದ್ದೇ ಅನುಚಿತವೆಂದು ನನಗನಿಸುತ್ತದೆ. ಅದು ಆಟಗಾರರ ಹೆಗಲಿಗೆ ಅವರದಲ್ಲದ ಭಾರವನ್ನು ಹೊರಿಸಿತು.

ಆರಂಭ ಕೆಟ್ಟದಾಗಿರಲಿಲ್ಲ. ಯೂಟಾ ಸ್ಟೇಟ್ ಎದುರು 24-14, ನೆರೆಯ ಬದ್ಧ ಎದುರಾಳಿ ಅಯೋವಾ ಸ್ಟೇಟ್ ಎದುರು 20-13, ವೆಸ್ಟರ್ನ್ ಮಿಷಿಗನ್ ಎದುರು 41-10. ಆ 41 ಅಂಕಗಳೇ ವರ್ಷದ ಗರಿಷ್ಠ. ನಾಲ್ಕನೆಯ ಪಂದ್ಯಕ್ಕೆ ಪೆನ್ ಸ್ಟೇಟ್‌ಗೆ ಹೋದ ತಂಡ 31-0ರಿಂದ ಸೋತು ಬಂದಿತು. ಅಂದು ಇಡೀ ಪಂದ್ಯದಲ್ಲಿ ಅಯೋವಾ ಕ್ರಮಿಸಿದ್ದು 76 ಗಜ. ನಂತರದ ಶನಿವಾರ ಮಿಷಿಗನ್ ಸ್ಟೇಟ್ ಎದುರು 26-16ರ ಗೆಲುವು ಸಿಕ್ಕಿತಾದರೂ ಅದೇ ಪಂದ್ಯದಲ್ಲಿ, ಚೆಂಡು ಎಸೆದು ಆಕ್ರಮಣ ನಡೆಸುವ ಕ್ವಾರ್ಟರ್‌ಬ್ಯಾಕ್ ಕೇಡ್ ಮ್ಯಾಕ್‌ನಮಾರ ಅವರ ಮೊಣಕಾಲಿಗೆ ಪೆಟ್ಟಾಗಿ ಅವರ ಋತು ಮುಗಿಯಿತು. ಮಿಷಿಗನ್‌ನಿಂದ ಬಂದಿದ್ದ ಅವರ ಮೇಲೆ ಆಕ್ರಮಣದ ಎಲ್ಲ ಭರವಸೆಯೂ ನಿಂತಿತ್ತು. ಚೆಂಡು ಹಿಡಿಯುವವರಲ್ಲಿ ಅತ್ಯಂತ ನಂಬಿಕಸ್ಥರಾಗಿದ್ದ ಟೈಟ್ ಎಂಡ್‌ಗಳಾದ ಲ್ಯೂಕ್ ಲಾಷಿ ಮೊದಲೇ ಗಾಯಗೊಂಡಿದ್ದರು, ಎರಿಕ್ ಆಲ್ ಅಕ್ಟೋಬರ್ ಮಧ್ಯದಲ್ಲಿ ಹೊರಬಿದ್ದರು. ಬದಲಿಯಾಗಿ ಬಂದ ಡೀಕನ್ ಹಿಲ್ ಅವರನ್ನು ಸಿದ್ಧತೆಯಿಲ್ಲದೆ ದೊಡ್ಡ ಪಂದ್ಯಗಳಿಗೆ ನೂಕಲಾಯಿತು. ಅವರನ್ನು ದೂರುವುದು ನ್ಯಾಯವಲ್ಲ. ಗಾಯಗಳ ಈ ಸರಣಿಯನ್ನು ಲೆಕ್ಕಕ್ಕೆ ಹಿಡಿಯದೆ ಆಕ್ರಮಣ ವಿಭಾಗವನ್ನು ಟೀಕಿಸುವವರ ಜೊತೆ ನಾನಿಲ್ಲ. ಆದರೆ ಈ ಗಾಯಗಳಿಗೂ ಮೊದಲು, 2022ರಲ್ಲೂ ಇದೇ ವಿಭಾಗ ಇದೇ ಸ್ಥಿತಿಯಲ್ಲಿತ್ತು ಎಂಬುದನ್ನು ಮರೆಯುವವರ ಜೊತೆಗೂ ಇಲ್ಲ.

ಈಗ ಈ ಋತುವಿನ ನಿಜವಾದ ಸಂಪತ್ತಿಗೆ ಬರೋಣ. ಮೆಲ್ಬರ್ನ್‌ನಿಂದ ಬಂದ ಪಂಟರ್ ಟೋರಿ ಟೇಲರ್ ಆ ವರ್ಷ 93 ಬಾರಿ ಚೆಂಡನ್ನು ಒದ್ದು 4,479 ಗಜ ದಾಟಿಸಿದರು. ಒಂದೇ ಋತುವಿನಲ್ಲಿ ಪಂಟ್ ಮಾಡಿದ ಗಜಗಳ ದಾಖಲೆ 1938ರಿಂದ ಮಿಷಿಗನ್ ಸ್ಟೇಟ್‌ನ ಆಟಗಾರರೊಬ್ಬರ ಹೆಸರಿನಲ್ಲಿತ್ತು. ಎಂಬತ್ತೈದು ವರ್ಷಗಳ ಆ ದಾಖಲೆ ಮುರಿಯಿತು. ಅಷ್ಟು ಬಾರಿ ಒದೆಯಬೇಕಾಗಿ ಬಂದದ್ದು ಆಕ್ರಮಣದ ಬಡತನದಿಂದ ಎಂಬುದು ನಿಜವೇ, ಆದರೆ ಸರಾಸರಿ 48 ಗಜ ದಾಟುವುದು ಬಡತನದಿಂದ ಬರುವುದಿಲ್ಲ. ಟೇಲರ್ ಅವರ ಒದೆತವನ್ನು ಗಮನವಿಟ್ಟು ನೋಡಿದವರಿಗೆ ತಿಳಿಯುತ್ತದೆ: ಕೆಲವೊಮ್ಮೆ ಚೆಂಡು ಎತ್ತರಕ್ಕೆ ಹಾರಿ, ಅದು ಕೆಳಗಿಳಿಯುವ ಹೊತ್ತಿಗೆ ಅಯೋವಾದ ಓಟಗಾರರು ಎದುರಾಳಿಯ ಸುತ್ತ ನಿಂತಿರುತ್ತಿದ್ದರು, ಇನ್ನು ಕೆಲವೊಮ್ಮೆ ತಗ್ಗಿನಲ್ಲಿ ಹೋಗಿ ನೆಲಕ್ಕೆ ಬಡಿದು, ಅಂತಿಮ ವಲಯದೊಳಕ್ಕೆ ಉರುಳದೆ, ಗೆರೆಯ ಈಚೆಗೇ ಪುಟಿದು ನಿಲ್ಲುತ್ತಿತ್ತು. ಹಾಗೆ ನಿಂತಾಗ ಅಯೋವಾದ ತವರಾದ ಕಿನ್ನಿಕ್ ಕ್ರೀಡಾಂಗಣದಲ್ಲಿ ಏಳುತ್ತಿದ್ದ ಹರ್ಷೋದ್ಗಾರ ಬೇರೆಡೆ ಟಚ್‌ಡೌನ್‌ಗೆ ಏಳುವಂಥದ್ದು. ದೇಶದ ಶ್ರೇಷ್ಠ ಪಂಟರ್‌ಗೆ ಕೊಡುವ ರೇ ಗೈ ಪ್ರಶಸ್ತಿ ಅವರಿಗೇ ಸಂದಿತು. ಮರುವರ್ಷ ಷಿಕಾಗೊ ಬೇರ್ಸ್ ತಂಡ, ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಡ್ರಾಫ್ಟ್‌ನ ನಾಲ್ಕನೆಯ ಸುತ್ತಿನಲ್ಲೇ ಅವರನ್ನು ಆರಿಸಿಕೊಂಡಿತು. ಪಂಟರ್‌ಗಾಗಿ ಅಷ್ಟು ಬೇಗ ಒಂದು ಅವಕಾಶ ವ್ಯಯಿಸುವುದು ತೀರ ವಿರಳ.

ಫಿಲ್ ಪಾರ್ಕರ್ ಅವರ ರಕ್ಷಣಾ ವಿಭಾಗ ಇನ್ನೊಂದು ಕಂಬ. 2012ರಿಂದ ಆ ವಿಭಾಗದ ಸಂಯೋಜಕರಾಗಿರುವ ಪಾರ್ಕರ್, ದೇಶದ ಶ್ರೇಷ್ಠ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿಯನ್ನು ಆ ವರ್ಷ ಪಡೆದರು. ನಿಗದಿತ ಹನ್ನೆರಡು ಪಂದ್ಯಗಳಲ್ಲಿ ಅವರ ಆಟಗಾರರು ಬಿಟ್ಟುಕೊಟ್ಟದ್ದು ಸರಾಸರಿ ಹನ್ನೆರಡೇ ಅಂಕ. ಇದರಲ್ಲಿ ತಂತ್ರದ ಗೂಢತೆ ಇರಲಿಲ್ಲ. ತನ್ನ ಜಾಗ ಬಿಟ್ಟು ಯಾರೂ ಅತ್ತಿತ್ತ ಓಡುತ್ತಿರಲಿಲ್ಲ, ಸಣ್ಣ ಪಾಸ್‌ಗಳನ್ನು ಬಿಟ್ಟುಕೊಟ್ಟು ದೊಡ್ಡದನ್ನು ತಡೆಯುತ್ತಿದ್ದರು, ಕೈಗೆ ಸಿಕ್ಕವನನ್ನು ಕೆಡವದೆ ಬಿಡುತ್ತಿರಲಿಲ್ಲ. ರಕ್ಷಣೆಯ ಎರಡನೆಯ ಸಾಲಿನಲ್ಲಿ ಆಡುವ ಲೈನ್‌ಬ್ಯಾಕರ್ ಜೇ ಹಿಗಿನ್ಸ್ ಅವರ ಆಟವನ್ನು ಮಾತ್ರ ಒಂದು ಪಂದ್ಯದುದ್ದಕ್ಕೂ ಹಿಂಬಾಲಿಸಿದರೂ ಟಿಕೆಟ್‌ನ ಹಣ ಸಾರ್ಥಕವಾಗುತ್ತಿತ್ತು. ಚೆಂಡು ಎತ್ತ ಹೋದರೂ ಎರಡು ಹೆಜ್ಜೆ ಮೊದಲೇ ಅವರು ಅತ್ತ ವಾಲಿರುತ್ತಿದ್ದರು. ಅಕ್ಟೋಬರ್ 14ರಂದು ವಿಸ್ಕಾನ್ಸಿನ್‌ನಲ್ಲಿ 15-6ರಿಂದ ಗೆದ್ದ ಪಂದ್ಯ ಈ ತಂಡದ ಮಾದರಿ: ಲೆಷಾನ್ ವಿಲಿಯಮ್ಸ್ ಅವರ 82 ಗಜದ ಒಂದು ಓಟ, ಎರಡು ಫೀಲ್ಡ್ ಗೋಲ್, ಒಂದು ಸೇಫ್ಟಿ. ಅಯೋವಾದ ಕ್ವಾರ್ಟರ್‌ಬ್ಯಾಕ್ ಅಂದು ಪಾಸ್‌ಗಳಿಂದ ಗಳಿಸಿದ್ದು 37 ಗಜ. ಆದರೂ ಗೆಲುವು ಕೈತಪ್ಪುತ್ತದೆ ಎಂದು ಅನಿಸಲಿಲ್ಲ.

ಮರುವಾರ ಮಿನೆಸೋಟ ಎದುರಿನ ಪಂದ್ಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಫ್ಲಾಯ್ಡ್ ಆಫ್ ರೋಸ್‌ಡೇಲ್ ಎಂಬ ಕಂಚಿನ ಹಂದಿಯ ಪಾರಿತೋಷಕಕ್ಕಾಗಿ ಈ ಎರಡು ರಾಜ್ಯಗಳು ಪ್ರತಿ ವರ್ಷ ಸೆಣಸುತ್ತವೆ. ಕೊನೆಯ ಎರಡು ನಿಮಿಷಗಳಿಗಿಂತಲೂ ಕಡಿಮೆ ಸಮಯ ಉಳಿದಿದ್ದಾಗ ಅಯೋವಾ 12-10ರಿಂದ ಹಿಂದಿತ್ತು. ಮಿನೆಸೋಟ ಒದ್ದ ಚೆಂಡು ನೆಲಕ್ಕೆ ಬಡಿದು ಅಂಚಿನ ಗೆರೆಯತ್ತ ಪುಟಿಯುತ್ತಿತ್ತು. ಅಯೋವಾದ ಕೂಪರ್ ಡಿಜೀನ್ ಬಲಗೈಯಿಂದ ಚೆಂಡನ್ನು ತೋರಿಸುತ್ತ, ಎಡಗೈಯನ್ನು ಕೆಳಮಟ್ಟದಲ್ಲಿ ಬೀಸುತ್ತ ಅದರ ಹಿಂದೆ ಓಡಿ, ಗೆರೆಗೆ ತಾಗದಂತೆ ಎತ್ತಿಕೊಂಡು, ಎದುರಾದವರನ್ನೆಲ್ಲ ತಪ್ಪಿಸಿ 54 ಗಜ ಓಡಿ ಗುರಿ ಮುಟ್ಟಿದರು. ಕ್ರೀಡಾಂಗಣ ಹುಚ್ಚೆದ್ದಿತು. ಅವರ ಕಾಲು ಗೆರೆ ತುಳಿಯಿತೇ ಎಂದು ನೋಡಲು ಅಧಿಕಾರಿಗಳು ದೃಶ್ಯಾವಳಿಯ ಮೊರೆಹೋದರು, ತುಳಿದಿರಲಿಲ್ಲ. ಆದರೆ ಆ ಎಡಗೈಯ ಬೀಸು, ತಾನು ಓಡುವುದಿಲ್ಲವೆಂದು ಸೂಚಿಸುವ ಫೇರ್ ಕ್ಯಾಚ್ ಸಂಜ್ಞೆಯ ಅಸಿಂಧು ರೂಪವೆಂದು ತೀರ್ಮಾನಿಸಿ, ಚೆಂಡು ಎತ್ತಿಕೊಂಡ ಜಾಗದಲ್ಲೇ ಆಟ ಸತ್ತಿತು ಎಂದರು. ನಿಯಮದ ಪದಗಳನ್ನು ಹಿಡಿದು ನೋಡಿದರೆ ತೀರ್ಪಿಗೆ ಆಧಾರವಿದೆ. ಆದರೆ ಆ ಬೀಸನ್ನು ನೋಡಿ ಮಿನೆಸೋಟದ ಒಬ್ಬ ಆಟಗಾರನೂ ಓಟ ನಿಲ್ಲಿಸಿರಲಿಲ್ಲ. ಯಾರನ್ನೂ ಮೋಸಗೊಳಿಸದ ಸಂಜ್ಞೆಗೆ ಪಂದ್ಯದ ಬೆಲೆ ಕಟ್ಟಬೇಕಾಗಿ ಬಂದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ. ಹಾಗೆಂದು, ತೀರ್ಪಿನ ಬಳಿಕವೂ ಅಯೋವಾಕ್ಕೆ ಚೆಂಡೂ ಇತ್ತು, ಸಮಯವೂ ಇತ್ತು. ಒಂದು ಫೀಲ್ಡ್ ಗೋಲ್ ಸಾಕಿತ್ತು. ಮೈದಾನದ ನಡುಭಾಗದಿಂದ ಕೆಲವೇ ಗಜ ಮುಂದೊತ್ತಲಾಗದೆ ಚೆಂಡು ಕಳೆದುಕೊಂಡ ತಂಡ, ಸೋಲಿನ ಪೂರ್ತಿ ಪಾಲನ್ನು ಅಧಿಕಾರಿಗಳ ಮೇಲೆ ಹೊರಿಸುವಂತಿಲ್ಲ.

ಅಕ್ಟೋಬರ್ 30ರಂದು ಹಂಗಾಮಿ ಕ್ರೀಡಾ ನಿರ್ದೇಶಕಿ ಬೆತ್ ಗೆಟ್ಸ್, ಋತುವಿನ ನಂತರ ಬ್ರಯಾನ್ ಮುಂದುವರಿಯುವುದಿಲ್ಲವೆಂದು ಪ್ರಕಟಿಸಿದರು. ಮುಖ್ಯ ಕೋಚ್ ಅವರಿಗೆ ಋತುವಿನ ನಡುವೆ ಇಂಥ ನಿರ್ಧಾರ ಹಿಡಿಸಲಿಲ್ಲ, ಅದನ್ನು ಅವರು ಮುಚ್ಚಿಡಲೂ ಇಲ್ಲ. ಅವರ ಹಿಂದಿನ ಸಾಧನೆಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಈ ನಿರ್ಧಾರವನ್ನು ಅವರೇ ಒಂದು ವರ್ಷ ಮೊದಲು ತೆಗೆದುಕೊಳ್ಳಬೇಕಿತ್ತು. ತಾಳ್ಮೆಯಿಂದ ತಂಡ ಕಟ್ಟಿದ ಮನುಷ್ಯ, ಅದೇ ತಾಳ್ಮೆಯನ್ನು ಮಗನ ಕೆಲಸಕ್ಕೂ ವಿಸ್ತರಿಸಿದಾಗ ಅದರ ಬೆಲೆ ತೆತ್ತವರು ಪಾರ್ಕರ್ ಅವರ ಆಟಗಾರರು ಮತ್ತು ಸೀಟು ತುಂಬಿದ ಜನ.

ಆಶ್ಚರ್ಯವೆಂದರೆ ತಂಡ ಒಡೆಯಲಿಲ್ಲ. ನವೆಂಬರ್‌ನ ನಾಲ್ಕೂ ಪಂದ್ಯಗಳನ್ನು ಗೆದ್ದಿತು. ಷಿಕಾಗೊದ ರಿಗ್ಲೀ ಫೀಲ್ಡ್ ಎಂಬ ಬೇಸ್‌ಬಾಲ್ ಅಂಗಳದಲ್ಲಿ ನಾರ್ತ್‌ವೆಸ್ಟರ್ನ್ ಎದುರು ಕೊನೆಯ ಕ್ಷಣಗಳಲ್ಲಿ ಡ್ರೂ ಸ್ಟೀವನ್ಸ್ 53 ಗಜದಿಂದ ಫೀಲ್ಡ್ ಗೋಲ್ ಒದ್ದು 10-7 ಮಾಡಿದರು. ರಟ್ಗರ್ಸ್ ಎದುರಿನ 22-0 ಡೀಕನ್ ಹಿಲ್ ಅವರ ಅತ್ಯುತ್ತಮ ದಿನ. ಡಿಜೀನ್ ಅಭ್ಯಾಸದಲ್ಲಿ ಕಾಲು ಮುರಿದುಕೊಂಡ ವಾರದಲ್ಲೇ ಇಲಿನಾಯ್ ಎದುರು 15-13ರಿಂದ ಗೆದ್ದು ಬಿಗ್ ಟೆನ್‌ನ ಪಶ್ಚಿಮ ವಿಭಾಗದ ಪ್ರಶಸ್ತಿಯನ್ನು ಖಚಿತಪಡಿಸಿಕೊಂಡಿತು. ನೆಬ್ರಾಸ್ಕದಲ್ಲಿ, ಸ್ಟೀವನ್ಸ್ ಅವರ ಎರಡು ಒದೆತಗಳಿಗೆ ತಡೆ ಬಿದ್ದ ಮೇಲೆ, ಅದುವರೆಗೆ ಅಯೋವಾ ಪರವಾಗಿ ಒಂದೂ ಫೀಲ್ಡ್ ಗೋಲ್ ಯತ್ನಿಸದಿದ್ದ ಮಾರ್ಷಲ್ ಮೀಡರ್ ಅವರನ್ನು ಕೊನೆಯ ಗಳಿಗೆಯಲ್ಲಿ ಕಳಿಸಿದರು. 38 ಗಜದ ಆ ಒದೆತ ಗುರಿ ತಲುಪಿದಾಗ ಗಡಿಯಾರದಲ್ಲಿ ಸಮಯ ಉಳಿದಿರಲಿಲ್ಲ. 13-10. ಇಂಥ ಗೆಲುವುಗಳನ್ನು ಅದೃಷ್ಟವೆಂದು ತಳ್ಳಿಹಾಕುವವರಿದ್ದಾರೆ. ಒಂದೆರಡಾದರೆ ಒಪ್ಪಬಹುದಿತ್ತು. ಒತ್ತಡದ ಕೊನೆಯ ನಿಮಿಷಗಳಲ್ಲಿ ತಿಂಗಳಿಡೀ ಎದುರಾಳಿಗಿಂತ ಕಡಿಮೆ ತಪ್ಪು ಮಾಡುವುದು ಅಭ್ಯಾಸದಿಂದ ಬರುವ ಗುಣ, ಮತ್ತು ಆ ಅಭ್ಯಾಸ ಮಾಡಿಸಿದವರು ಫೆರೆಂಟ್ಜ್.

ಕ್ರೀಡಾಂಗಣದ ಅನುಭವವನ್ನು ಸೇವೆಯ ಲೆಕ್ಕಕ್ಕೆ ಸೇರಿಸಲೇಬೇಕು. 1929ರಲ್ಲಿ ತೆರೆದ, 69,250 ಜನ ಹಿಡಿಸುವ ಈ ಇಟ್ಟಿಗೆಯ ಕಟ್ಟಡಕ್ಕೆ ಕಾಲೇಜು ಫುಟ್‌ಬಾಲಿನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 1939ರಲ್ಲಿ ಗೆದ್ದು, 1943ರಲ್ಲಿ ನೌಕಾಪಡೆಯ ತರಬೇತಿ ಹಾರಾಟದಲ್ಲಿ ಪ್ರಾಣಬಿಟ್ಟ ನೈಲ್ ಕಿನ್ನಿಕ್ ಅವರ ಹೆಸರಿದೆ. ಪಕ್ಕದಲ್ಲೇ ವಿಶ್ವವಿದ್ಯಾಲಯದ ಮಕ್ಕಳ ಆಸ್ಪತ್ರೆ ಎದ್ದು ನಿಂತಿದೆ. 2017ರಿಂದ, ಪಂದ್ಯದ ಮೊದಲ ಕಾಲುಭಾಗವಾದ ಕ್ವಾರ್ಟರ್ ಮುಗಿದೊಡನೆ ಇಡೀ ಕ್ರೀಡಾಂಗಣ ಆಸ್ಪತ್ರೆಯತ್ತ ತಿರುಗಿ, ಮೇಲಂತಸ್ತಿನ ಕಿಟಕಿಗಳಲ್ಲಿ ನಿಂತ ಮಕ್ಕಳಿಗೆ ಕೈಬೀಸುತ್ತದೆ. ಎದುರಾಳಿ ತಂಡದ ಆಟಗಾರರೂ ಅಂಪೈರ್‌ಗಳೂ ಬೀಸುತ್ತಾರೆ. ಅಮೆರಿಕದ ಕಾಲೇಜು ಕ್ರೀಡೆಯಲ್ಲಿ ಇದಕ್ಕಿಂತ ಒಳ್ಳೆಯ ಸಂಪ್ರದಾಯ ನನಗೆ ಗೊತ್ತಿಲ್ಲ. ಅಂಕಪಟ್ಟಿ ಏನೇ ಹೇಳಲಿ, ಆ ಒಂದು ನಿಮಿಷದಲ್ಲಿ ಯಾವ ಕೊರತೆಯೂ ಇರುವುದಿಲ್ಲ.

ಡಿಸೆಂಬರ್ 2ರಂದು ಇಂಡಿಯಾನಾಪೊಲಿಸ್‌ನಲ್ಲಿ ಬಿಗ್ ಟೆನ್ ಪ್ರಶಸ್ತಿ ಪಂದ್ಯ ನಡೆಯಿತು. ಮುಂದೆ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದ ಮಿಷಿಗನ್ ಎದುರಾಳಿ. ಪಾರ್ಕರ್ ಅವರ ಪಡೆ ಮಿಷಿಗನ್‌ನ ಆಕ್ರಮಣವನ್ನು ಬಹುಮಟ್ಟಿಗೆ ಹಿಡಿದು ನಿಲ್ಲಿಸಿತು. ಆದರೆ ಅಯೋವಾ ಅತಿ ಹೆಚ್ಚು ನಂಬಿದ್ದ ಪಂಟ್ ಒಂದನ್ನೇ ಎದುರಾಳಿ 87 ಗಜ ಹಿಂದಕ್ಕೆ ಓಡಿಸಿಕೊಂಡು ಬಂದು ಮೊದಲ ಟಚ್‌ಡೌನ್‌ಗೆ ದಾರಿ ಮಾಡಿತು. 26-0. ತಿಂಗಳ ನಂತರ ಒರ್ಲಾಂಡೊದ ಸಿಟ್ರಸ್ ಬೌಲ್‌ನಲ್ಲಿ ಟೆನೆಸಿ 35-0ರಿಂದ ಸೋಲಿಸಿತು. ನಾಲ್ಕು ಸೋಲುಗಳಲ್ಲಿ ಮೂರು ಸೊನ್ನೆಯವು. ಪಂದ್ಯಕ್ಕೆ ಸರಾಸರಿ ಸುಮಾರು 235 ಗಜ ಕ್ರಮಿಸಿದ ಅಯೋವಾ, ಉನ್ನತ ಶ್ರೇಣಿಯ 133 ತಂಡಗಳಲ್ಲಿ ಕಟ್ಟಕಡೆಯದಾಗಿತ್ತು. ಅಂಕಗಳ ಸರಾಸರಿ 25ಕ್ಕೆ ಬದಲಾಗಿ 15.4ಕ್ಕೆ ನಿಂತಿತು. ಸಮಬಲರ ಎದುರು ಈ ವಿಧಾನ ಗೆಲ್ಲುತ್ತದೆ. ತನಗಿಂತ ವೇಗದ, ತಪ್ಪು ಮಾಡದ ತಂಡ ಎದುರಾದಾಗ ಹಿಂದೆ ಬಿದ್ದರೆ ಮೇಲೇಳಲು ಅದರಲ್ಲಿ ಯಾವ ಸಾಧನವೂ ಇಲ್ಲ. 2021ರ ಪ್ರಶಸ್ತಿ ಪಂದ್ಯದಲ್ಲೂ ಇದೇ ಮಿಷಿಗನ್ 42-3ರಿಂದ ಗೆದ್ದಿತ್ತು. ಎರಡು ವರ್ಷ ಕಳೆದರೂ ಉತ್ತರ ಸಿದ್ಧವಾಗಿರಲಿಲ್ಲ ಎಂಬುದೇ ಕೋಚ್ ಅವರ ಮೇಲಿನ ನನ್ನ ಮುಖ್ಯ ಆಕ್ಷೇಪ.

ಸಂಯೋಜಕರು ಬದಲಾದ ಮೇಲೆ ಏನಾಯಿತೆಂಬುದು ಈ ಆಕ್ಷೇಪಕ್ಕೆ ಪುರಾವೆ. 2024ರಲ್ಲಿ ಟಿಮ್ ಲೆಸ್ಟರ್ ಆಕ್ರಮಣದ ಹೊಣೆ ಹೊತ್ತರು, 2023ರಲ್ಲೂ ತಂಡದಲ್ಲಿದ್ದ ಕೆಲೆಬ್ ಜಾನ್ಸನ್ ಆ ವರ್ಷ ಚೆಂಡು ಹಿಡಿದು 1,500ಕ್ಕೂ ಹೆಚ್ಚು ಗಜ ಓಡಿದರು, ಅಂಕಗಳ ಸರಾಸರಿ 25ನ್ನು ದಾಟಿತು. ಫೆರೆಂಟ್ಜ್ ಅವರ ಶಿಸ್ತಿಗೂ ಸಪ್ರಾಣವಾದ ಆಕ್ರಮಣಕ್ಕೂ ವಿರೋಧವೇನೂ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮಸಾಚುಸೆಟ್ಸ್ ತಂಡವನ್ನು 47-7ರಿಂದ ಸೋಲಿಸಿದಾಗ ಅಯೋವಾದಲ್ಲಿ ಅವರ ಗೆಲುವುಗಳು 206 ಆದವು. ಒಹಾಯೊ ಸ್ಟೇಟ್‌ನ ವುಡಿ ಹೇಯ್ಸ್ ಅವರ 205ನ್ನು ಮೀರಿ ಬಿಗ್ ಟೆನ್‌ನಲ್ಲಿ ಅತಿ ಹೆಚ್ಚು ಗೆಲುವು ಕಂಡ ಕೋಚ್ ಎನಿಸಿಕೊಂಡರು. ಆ ಗೌರವಕ್ಕೆ ಅವರು ಎಲ್ಲ ರೀತಿಯಿಂದಲೂ ಅರ್ಹರು.

2023ರ ಪಂದ್ಯಗಳನ್ನು ಈಗ ಮುದ್ರಿತ ದೃಶ್ಯಾವಳಿಯಲ್ಲಿ ನೋಡಬಯಸುವವರು ವಿಸ್ಕಾನ್ಸಿನ್ ಪಂದ್ಯದಿಂದ ಆರಂಭಿಸುವುದು ಒಳ್ಳೆಯದು. ಚೆಂಡಿನ ಹಿಂದೆ ಕಣ್ಣು ಓಡಿಸದೆ, ಆಟ ಆರಂಭವಾಗುವ ಗೆರೆ ಪ್ರತಿ ಪಂಟ್‌ನ ನಂತರ ಎಷ್ಟು ಗಜ ಸರಿಯಿತು ಎಂಬುದನ್ನು ಗಮನಿಸುತ್ತಿದ್ದರೆ ಆಟದ ರುಚಿ ಸಿಗುತ್ತದೆ. ನಂತರ ನೆಬ್ರಾಸ್ಕ ಪಂದ್ಯದ ಕೊನೆಯ ಕ್ವಾರ್ಟರ್, ಆಮೇಲೆ ರಟ್ಗರ್ಸ್. ಮಿನೆಸೋಟ ಪಂದ್ಯವನ್ನು ಪೂರ್ತಿ ನೋಡಿಯೇ ಆ ತೀರ್ಪಿನ ಬಗ್ಗೆ ಅಭಿಪ್ರಾಯ ರೂಪಿಸಿಕೊಳ್ಳಬೇಕು; ಕೊನೆಯ ಓಟದ ತುಣುಕನ್ನಷ್ಟೇ ನೋಡಿದರೆ ಅಯೋವಾದ ಆಕ್ರಮಣ ಅಂದು ಉತ್ತರಾರ್ಧದಲ್ಲಿ ಎಷ್ಟು ನಿಸ್ಸಹಾಯಕವಾಗಿತ್ತು ಎಂಬುದು ತಿಳಿಯುವುದಿಲ್ಲ. ಸಿಟ್ರಸ್ ಬೌಲನ್ನು ಬಿಟ್ಟುಬಿಡಬಹುದು.